ಏಣಿಯ ಸರ್ಟಿಫಿಕೇಟು

ಬೆಳಿಗ್ಗೆ ಎದ್ದ ಕೂಡಲೇ ನನ್ನ ತಮ್ಮ ಹದಿನಾಲ್ಕು ಜನರ ವಾಂತಿ ಬಕೆಟ್ಟು ತೊಳೀತಿದ್ದ. ಆಮೇಲೆ ಹಾಸಿಗೆ ಒದ್ದೆ ಮಾಡಿಕೊಂಡವರ ಚಾದರ ಒಗೀತಿದ್ದ. ಆಮೇಲೆ ಕೈ ನಡುಗೋರನ್ನ ಸಾಲಾಗಿ ಕೂರಿಸಿ ಗಡ್ಡ ಬೋಳಿಸ್ತಿದ್ದ. ಇಷ್ಟಕ್ಕೂ ಸಂಬಳ ಇಲ್ಲ. ಯಾಕಂದ್ರೆ ಇದು ಕೆಲಸ ಅಲ್ಲವಂತೆ, ತರಬೇತಿಯಂತೆ. ಬಕೆಟ್ಟು ತೊಳೆಯೋದಕ್ಕೆ ಎರಡೂವರೆ ವರ್ಷ ತರಬೇತಿ ಬೇಕು ಅಂತ ನನಗೆ ಗೊತ್ತೇ ಇರಲಿಲ್ಲ ನೋಡಿ.

ನಾನು ಅದೇ ಕೇಂದ್ರದಲ್ಲಿ ಅಡುಗೆಯವಳು. ಕುಡಿತ ಬಿಡಿಸೋ ಕೇಂದ್ರ. ಕುಡಿಯೋರು, ಮಾತ್ರೆ ನುಂಗೋರು, ಪುಡಿ ಸೇದೋರು, ಎಲ್ಲರನ್ನೂ ಮನೆಯವರು ತಂದು ಬಿಡ್ತಾರೆ. ಮೂರು ವರ್ಷದ ಹಿಂದೆ ನನ್ನ ತಮ್ಮನನ್ನ ಹೀಗೇ ನಾನೇ ಎಳ್ಕೊಂಡು ಬಂದು ಬಿಟ್ಟಿದ್ದೆ.

ಅವನು ಗೋಡೆಗೆ ಬಣ್ಣ ಹೊಡೆಯೋನು. ಆಳು ಉದ್ದ, ಹೆಗಲ ಮೇಲೆ ಯಾವಾಗಲೂ ಏಣಿ. ಅದಕ್ಕೇ ಎಲ್ಲರೂ ಅವನನ್ನ ಏಣಿ ಅಂತಲೇ ಕರೆಯೋದು. ಬೆಳಿಗ್ಗೆ ಎರಡು ಗುಟುಕು ಬಿದ್ದರೆ ಕೈ ನಿಲ್ಲೋದು, ಬೀಳದಿದ್ದರೆ ಕುಂಚ ನಡುಗೋದು. ಒಂದು ದಿನ ಎರಡನೇ ಮಹಡಿಯಿಂದ ಬಿದ್ದ. ಮುರಿದ ಕಾಲು ಕೂಡಿಕೊಂಡಿತು, ಹೆಂಡತಿ ಕೂಡಿಕೊಳ್ಳಲಿಲ್ಲ. ಮಗಳನ್ನ ಕಂಕುಳಲ್ಲಿ ಎತ್ತಿಕೊಂಡು ತವರಿಗೆ ಹೋದಳು.

ಅವನು ಕುಡಿತ ಬಿಟ್ಟು ಆರು ತಿಂಗಳಾದ ಮೇಲೆ ಅವಳ ಹತ್ತಿರ ಹೋಗಿದ್ದ. ಅವಳು ಬಾಗಿಲಲ್ಲೇ ನಿಂತು ಹೇಳಿದಳಂತೆ:

"ಇನ್ನು ಮುಟ್ಟಲ್ಲ ಅಂತ ನೂರು ಸಲ ಆಣೆ ಇಟ್ಟಿದೀರ. ಬಾಯಿಮಾತು ಸಾಕು. ಕೈಯಲ್ಲೊಂದು ಕಾಗದ, ಆ ಕಾಗದಕ್ಕೊಂದು ಕೆಲಸ ಹಿಡ್ಕೊಂಡು ಬನ್ನಿ. ಮಗಳನ್ನ ಕರ್ಕೊಂಡು ನಾನೇ ಬರ್ತೀನಿ."

ಅವಳು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿಲ್ಲ. ನಾನಾಗಿದ್ದರೆ ಬಾಗಿಲೇ ತೆಗೀತಿರಲಿಲ್ಲ.

ಅದೇ ಹೊತ್ತಿಗೆ ಕೇಂದ್ರದ ಯಜಮಾನರು, ನಾವು ದೊಡ್ಡಸಾರ್ ಅನ್ನೋದು, ಒಂದು ಕೋರ್ಸು ಶುರು ಮಾಡಿದರು. ಕುಡಿತ ಬಿಟ್ಟವರೇ ಕುಡಿಯೋರಿಗೆ ದಾರಿ ತೋರಿಸಬೇಕು, ಒಂದು ವರ್ಷ ಕಲಿತರೆ ಸಮಾಲೋಚಕ ಅಂತ ಸರ್ಟಿಫಿಕೇಟು, ಆಮೇಲೆ ಎಲ್ಲಿ ಬೇಕಾದರೂ ಕೆಲಸ. ನನ್ನ ತಮ್ಮ ಮೊದಲನೆಯವನಾಗಿ ಹೆಸರು ಬರೆಸಿದ.

ಪಾಠ ಮಾಡೋಕೆ ಒಬ್ಬರು ಮೇಡಂ ಇದ್ದರು. ಚೆನ್ನಾಗಿ ಹೇಳಿಕೊಡೋರು. ತಮ್ಮ ಅದನ್ನೆಲ್ಲ ನೋಟ್‌ಬುಕ್ಕಲ್ಲಿ ಬರ್ಕೊಂಡು ಬಂದು, ಈರುಳ್ಳಿ ಹೆಚ್ಚೋ ನನ್ನ ಮೇಲೆ ಅಭ್ಯಾಸ ಮಾಡ್ತಿದ್ದ. ಎದುರುಬದುರು ಕೂರಬಾರದಂತೆ, ಸ್ವಲ್ಪ ಓರೆಯಾಗಿ ಕೂರಬೇಕಂತೆ. ಸ್ಟೂಲು ಎಳ್ಕೊಂಡು ಓರೆಯಾಗಿ ಕೂತು ಕೇಳೋನು:

"ಹೇಳಿ, ಕೊನೇ ಸಲ ಯಾವಾಗ ಕುಡಿದ್ರಿ?"

"ಈಗ ತಾನೇ ಕಣೋ. ಒಂದು ಲೋಟ ಟೀ."

"ಅಕ್ಕಾ, ತಮಾಷೆ ಬೇಡ. ನೀನೀಗ ಪೇಷಂಟು."

"ಹೂಂ, ನಿನ್ನನ್ನ ಸಾಕಿ ಸಾಕಿ ಪೇಷಂಟೇ ಆಗಿದೀನಿ."

ಇನ್ನೊಂದು ವಿಷಯ ಹೇಳಿಕೊಟ್ಟಿದ್ದ. ಅವರು ಸುಮ್ಮನಾದರೆ ನಾವು ಮಾತು ತುಂಬಬಾರದು. ಮನಸ್ಸಲ್ಲಿ ಹತ್ತು ಎಣಿಸಬೇಕು. ಹತ್ತರೊಳಗೆ ಅವರೇ ಬಾಯಿ ಬಿಡ್ತಾರೆ. ನಾನು ನಗಾಡಿದ್ದೆ. ನನಗೆ ಎರಡು ಎಣಿಸೋವಷ್ಟು ಸುಮ್ಮನಿರೋಕೂ ಬರಲ್ಲ.

ನೋಟ್‌ಬುಕ್ಕಲ್ಲಿ ಕೆಂಪು ಗೆರೆ ಎಳೆದ ಒಂದು ಪುಟ ಇತ್ತು. ತುಂಬಾ ಕುಡಿಯೋನು ಏಕಾಏಕಿ ನಿಲ್ಲಿಸಿದರೆ ಎರಡನೇ ದಿನ, ಮೂರನೇ ದಿನ ಹುಷಾರು. ಕೈ ನಡುಗುತ್ತೆ, ಬೆವರುತ್ತೆ, ಇಲ್ಲದ ಹುಳ ಕಾಣುತ್ತೆ. ಆಗ ಮಾತು ಬೇಡ, ಆಸ್ಪತ್ರೆ. ತಡವಾದರೆ ಜೀವಕ್ಕೇ ಬರುತ್ತೆ. ಈ ಪುಟ ಅವನಿಗೆ ಬಾಯಿಪಾಠ. ಅವನಿಗೂ ಹಾಗೇ ಫಿಟ್ಸ್ ಬಂದಿತ್ತು, ಅದೇ ಮೇಡಂ ಸಿಕ್ಕಿದ ಆಟೋದಲ್ಲಿ ಹಾಕ್ಕೊಂಡು ಹೋಗಿ ಉಳಿಸಿದ್ದರು.

ಆರು ತಿಂಗಳಿಗೆ ಮೇಡಂ ಬಿಟ್ಟು ಹೋದರು. ಅವರಿಗೂ ಸಂಬಳ ಸಿಗದೆ ಬೇಸತ್ತು ಹೋದದ್ದು. ಬೇರೆಯವರು ಬರಲಿಲ್ಲ. ಪಾಠ ನಿಂತಿತು, ಬಕೆಟ್ಟು ನಿಲ್ಲಲಿಲ್ಲ. ವರ್ಷ ತುಂಬಿದಾಗ ತಮ್ಮ ಹೋಗಿ ಕೇಳಿದ.

"ಕೋರ್ಸಿಗೆ ಸಾವಿರ ಗಂಟೆ ಆಗಬೇಕು" ಅಂದರು ದೊಡ್ಡಸಾರ್. "ನಿಂದು ಮುನ್ನೂರಾಗಿದೆ."

"ಸಾರ್, ದಿನಾ ಹನ್ನೆರಡು ಗಂಟೆ ಇಲ್ಲೇ ಇರ್ತೀನಲ್ಲ."

"ಪಕ್ಕದಲ್ಲಿ ಮೇಡಂ ಕೂತು ನೋಡಿದ ಗಂಟೆ ಮಾತ್ರ ಲೆಕ್ಕ. ಅದು ರೂಲ್ಸು. ನಾನೇನ್ ಮಾಡ್ಲಿ?"

ಮೇಡಂ ಇಲ್ಲ, ಆದ್ದರಿಂದ ಗಂಟೆ ಇಲ್ಲ. ಗಂಟೆ ಇಲ್ಲ, ಆದ್ದರಿಂದ ಸರ್ಟಿಫಿಕೇಟಿಲ್ಲ. ಆದರೆ ವಾರ್ಡಿಗೆ ಆಳು ಬೇಕು, ಆದ್ದರಿಂದ ತರಬೇತಿ ಇದೆ. ಅವನ ಜೊತೆ ಸೇರಿದ್ದ ನಾಲ್ಕು ಜನ ಬಿಟ್ಟು ಹೋದರು. ಇವನು ಹೋಗಲಿಲ್ಲ. "ಇನ್ನೊಂದು ತಿಂಗಳು ನೋಡಣ ಅಕ್ಕ" ಅನ್ನೋನು. ಮಗಳಿಗೆ ಎರಡು ಹಲ್ಲು ಬಿದ್ದು ಹೊಸದು ಬಂದಿತ್ತು ಅಷ್ಟು ಹೊತ್ತಿಗೆ.

ಒಂದು ಶುಕ್ರವಾರ ಬೆಳಿಗ್ಗೆ ಒಬ್ಬ ಲಾರಿ ಡ್ರೈವರನ್ನ ಅವನ ಹೆಂಡತಿ ಕರ್ಕೊಂಡು ಬಂದಳು. ನಗಿಸೋ ಮನುಷ್ಯ. "ಅಕ್ಕೋ, ಗಾಡಿ ಕೆಟ್ಟಿದೆ, ರಿಪೇರಿಗೆ ಬಿಟ್ಟಿದಾರೆ" ಅಂತ ಎದೆ ತಟ್ಟಿಕೊಂಡ. ತಮ್ಮ ಓರೆಯಾಗಿ ಕೂತು ಕೇಳಿದ, ಕೊನೇ ಸಲ ಯಾವಾಗ ಕುಡಿದ್ರಿ? ಗೇಟಿನ ಹೊರಗೆ, ಅಂದ ಡ್ರೈವರು. ಹೆಂಡತಿ ಒಂದು ಚೀಲದಲ್ಲಿ ಬಟ್ಟೆ ಕೊಟ್ಟು, "ಭಾನುವಾರ ಬರ್ತೀನಿ, ಇನ್ನೊಂದು ಜೊತೆ ಬಟ್ಟೆ ತರ್ತೀನಿ" ಅಂತ ಹೇಳಿ ಹೋದಳು.

ಭಾನುವಾರ ಬೆಳಿಗ್ಗೆ ಟೀ ಕೊಟ್ಟೆ. ಲೋಟ ಹಿಡಿದ, ಟೀ ಅಷ್ಟೂ ಎದೆ ಮೇಲೆ ಚೆಲ್ಲಿತು. ಬೆವರು ಇಳೀತಿತ್ತು. ಕಂಬಳಿ ಮೇಲಿಂದ ಏನೋ ಆರಿಸಿ ಆರಿಸಿ ಬಿಸಾಕ್ತಿದ್ದ.

"ಏನಣ್ಣಾ ಅದು?"

"ಇರುವೆ ಕಣಕ್ಕಾ. ಸಕ್ಕರೆ ಚೆಲ್ಲಿದೀಯಾ ಇಲ್ಲಿ?"

ಒಂದೇ ಒಂದು ಇರುವೆ ಇರಲಿಲ್ಲ. ತಮ್ಮನನ್ನ ಕೂಗಿದೆ. ಅವನು ನೋಡಿದವನೇ ಆಫೀಸಿಗೆ ಓಡಿದ. ನಾನೂ ಹಿಂದೆ ಹೋದೆ.

ಆವತ್ತು ಕೇಂದ್ರಕ್ಕೆ ದೇಣಿಗೆ ಕೊಡೋ ದೊಡ್ಡವರು ಬರೋರಿದ್ದರು. ಹಾಲ್‌ನಲ್ಲಿ ಕುರ್ಚಿ ಹಾಕಿತ್ತು. ದೊಡ್ಡಸಾರ್ ಹೊಸ ಶರ್ಟ್ ಹಾಕ್ಕೊಂಡು ನಿಂತಿದ್ದರು.

"ಸಾರ್, ಡ್ರೈವರನ್ನ ಈಗಲೇ ಆಸ್ಪತ್ರೆಗೆ ಕಳಿಸಬೇಕು. ಇರುವೆ ಕಾಣ್ತಾ ಇದೆ ಅವನಿಗೆ."

"ನಾಟಕ. ಮೂರನೇ ದಿನ ಎಲ್ಲರೂ ಆಡೋದೇ."

"ನಾಟಕ ಅಲ್ಲ ಸಾರ್. ನನಗೆ ಬಂದಿತ್ತಲ್ಲ, ನನಗೆ ಗೊತ್ತು."

"ನಿನಗೇನ್ ಗೊತ್ತು? ನೀನೇನ್ ಡಾಕ್ಟರಾ? ಸಮಾಲೋಚಕನಾ? ನೀನು ಟ್ರೈನಿ. ಅವರು ಬರೋ ಹೊತ್ತಿಗೆ ಗೇಟಲ್ಲಿ ಆಂಬುಲೆನ್ಸ್ ನಿಲ್ಲಿಸಿ ನನ್ನ ಮಾನ ಕಳೀಬೇಕು ಅಂತಿದೀಯಾ? ಹಿಂದಿನ ಕೋಣೆಗೆ ಹಾಕು ಅವನನ್ನ. ಮಧ್ಯಾಹ್ನ ನೋಡೋಣ."

ತಮ್ಮ ಕದಲಲಿಲ್ಲ. ಆಗ ದೊಡ್ಡಸಾರ್ ಹತ್ತಿರ ಬಂದು ಹೆಗಲ ಮೇಲೆ ಕೈ ಹಾಕಿ, ದನಿ ಇಳಿಸಿ ಹೇಳಿದರು:

"ಇವತ್ತು ನಿನ್ನ ಕತೆ ಚೆನ್ನಾಗಿ ಹೇಳು. ಅವರ ಕೈಯಿಂದಲೇ ನಿನಗೆ ಸರ್ಟಿಫಿಕೇಟ್ ಕೊಡಿಸ್ತೀನಿ. ಮಗಳನ್ನ ಮನೆಗೆ ಕರ್ಕೋಬೇಕು ತಾನೇ?"

ಮೂಗಿಗೆ ತುಪ್ಪ ಸವರೋದು ಅಂದರೆ ಇದು. ನನ್ನ ತಮ್ಮ ತಲೆ ತಗ್ಗಿಸಿದ. ದೊಡ್ಡಸಾರೇ ಹೋಗಿ ಡ್ರೈವರನ್ನ ಹಿಂದಿನ ಕೋಣೆಗೆ ಹಾಕಿ, ಬೀಗ ಜಡಿದು ಕೀಲಿಕೈ ಜೇಬಿಗೆ ಇಳಿಸಿದರು.

ಹನ್ನೊಂದು ಗಂಟೆಗೆ ತಮ್ಮ ಮೈಕಿನ ಮುಂದೆ ನಿಂತಿದ್ದ. ಏಣಿಯಿಂದ ಬಿದ್ದದ್ದು, ಹೆಂಡತಿ ಬಿಟ್ಟು ಹೋದದ್ದು, ಫಿಟ್ಸ್ ಬಂದದ್ದು, ಎಲ್ಲಾ ಹೇಳಿದ. ಅವನ ಕಣ್ಣು ಮಾತ್ರ ಹಿಂದಿನ ಬಾಗಿಲ ಕಡೆಗೇ ಇತ್ತು. ನಾನು ಒಂದು ಲೋಟ ನೀರು ಹಿಡ್ಕೊಂಡು ಹಿಂದಿನ ಕೋಣೆ ಹತ್ತಿರ ಹೋದೆ. ಒಳಗೆ ದಬದಬ ಸದ್ದು. ಹಿಮ್ಮಡಿ ನೆಲಕ್ಕೆ ಬಡಿಯೋ ಸದ್ದು. "ಅಣ್ಣಾ" ಅಂದೆ. ಉತ್ತರ ಇಲ್ಲ.

ಹಾಲ್ ಬಾಗಿಲಿಗೆ ಓಡಿ ಬಂದೆ. ತಮ್ಮನ ಮಾತು ಮುಗೀತಾ ಇತ್ತು. ಇನ್ನೆರಡು ಮಾತು, ಆಮೇಲೆ ಕಾಗದ ಅವನ ಕೈಗೆ ಬರುತ್ತೆ ಅಂದುಕೊಂಡೆ. ಚಪ್ಪಾಳೆ ಮುಗೀಲಿ ಅಂತ ಕಾದೆ. ಹುಟ್ಟಿದಾಗಿಂದ ಬಾಯಿಗೆ ಬೀಗ ಇಲ್ಲದವಳು ಅಂತ ಬೈಸಿಕೊಂಡವಳು ನಾನು, ಆವತ್ತೊಂದು ದಿನ ಸುಮ್ಮನೆ ನಿಂತೆ. ಆ ಪಾಪ ನಂದು. ಅದನ್ನ ಯಾರ ತಲೆಗೂ ಕಟ್ಟಲ್ಲ.

ವೇದಿಕೆ ಮೇಲೆ ಸರ್ಟಿಫಿಕೇಟು ಇರಲೇ ಇಲ್ಲ. ಎರಡು ಹೂಗುಚ್ಛ ಇತ್ತು, ಎರಡೂ ಬಂದವರಿಗೆ ಕೊಟ್ಟರು. ಆಮೇಲೆ ನಾನು ಕೂಗಿದೆ. ಬೀಗ ತೆಗೆದಾಗ ಡ್ರೈವರ್ ಕಣ್ಣು ತೆರೆದೇ ಇತ್ತು. ತಮ್ಮ ಅವನ ಎದೆ ಒತ್ತಿದ, ಬಾಯಿಗೆ ಬಾಯಿಟ್ಟು ಊದಿದ. ಉಹೂಂ. ಹೋಗಿಬಿಟ್ಟಿದ್ದ.

ಮಧ್ಯಾಹ್ನ ಅವನ ಹೆಂಡತಿ ಒಂದು ಜೊತೆ ಮಡಿಸಿದ ಬಟ್ಟೆ ಹಿಡ್ಕೊಂಡು ಬಂದಳು. "ಹೃದಯ ನಿಂತುಹೋಯ್ತಮ್ಮಾ" ಅಂದರು ದೊಡ್ಡಸಾರ್. ಆ ಬಟ್ಟೇನ ಏನು ಮಾಡಬೇಕು ಅಂತ ಅವಳಿಗೆ ಗೊತ್ತಾಗಲಿಲ್ಲ. ನನ್ನ ಕೈಗೇ ಕೊಟ್ಟಳು.

ಸೋಮವಾರ ಬೆಳಿಗ್ಗೆ ತಮ್ಮ ಅಡುಗೆಮನೆಗೆ ಬಂದ. ಕೈಯಲ್ಲಿ ಪ್ಲಾಸ್ಟಿಕ್ ಹೊದಿಕೆ ಹಾಕಿದ ದಪ್ಪ ಕಾಗದ. ಬಂಗಾರದ ಬಣ್ಣದ ಅಂಚು, ಕೆಂಪು ಮೊಹರು, ಅವನ ಹೆಸರು.

"ಕೊಟ್ಟರು ಅಕ್ಕ."

ಅವನ ಮುಖದಲ್ಲಿ ನಗುವೂ ಇರಲಿಲ್ಲ, ಅಳುವೂ ಇರಲಿಲ್ಲ. ಜೊತೆಗೆ ಇನ್ನೊಂದು ಹಾಳೆ ಇತ್ತು. ಅದಕ್ಕೆ ಸಹಿ ಹಾಕಿ ಕೊಡು, ಸುಮ್ಮನೆ ಫೈಲಿಗೆ, ಅಂದಿದ್ದರಂತೆ. ನನಗೆ ಓದೋದು ನಿಧಾನ. ಬೆರಳಿಟ್ಟು ಓದಿದೆ. 'ಕರ್ತವ್ಯದಲ್ಲಿದ್ದ ಸಮಾಲೋಚಕನಾದ ನಾನು ರೋಗಿಯನ್ನು ಪರೀಕ್ಷಿಸಿ, ಆಸ್ಪತ್ರೆಯ ಅಗತ್ಯವಿಲ್ಲವೆಂದು ತೀರ್ಮಾನಿಸಿದೆನು.' ಸರ್ಟಿಫಿಕೇಟು ತಿರುಗಿಸಿ ತಾರೀಖು ನೋಡಿದೆ.

"ಲೋ ಏಣಿ, ಹೋದ ತಿಂಗಳು ಒಂದನೇ ತಾರೀಖು ನೀನೇನ್ ಮಾಡ್ತಿದ್ದೆ?"

"ಯಾಕೆ?"

"ಚರಂಡಿ ಕಟ್ಟಿಕೊಂಡಿತ್ತು. ಮೊಣಕೈವರೆಗೂ ಕೈ ಹಾಕಿ ಹೊಲಸು ತೆಗೀತಿದ್ದೆ. ನಾನೇ ನಿನಗೆ ಬಿಸಿನೀರು ಕಾಯಿಸಿ ಕೊಟ್ಟೆ. ಆವತ್ತೇ ನೀನು ಸಮಾಲೋಚಕ ಆಗಿಬಿಟ್ಟೆಯಂತೆ ನೋಡು."

ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತಂತೆ. ಎರಡೂವರೆ ವರ್ಷ ಟ್ರೈನಿ, ಹೆಣ ಬಿದ್ದ ಮಾರನೇ ದಿನ ಸಮಾಲೋಚಕ.

ತಮ್ಮ ಮಾತಾಡಲಿಲ್ಲ. ನನ್ನ ನಾಲಿಗೆ ತುದೀಲಿ ನೂರು ಮಾತಿತ್ತು. ನುಂಗಿಕೊಂಡೆ. ಸ್ಟೂಲು ಎಳ್ಕೊಂಡು ಓರೆಯಾಗಿ ಕೂತೆ. ಒಂದು, ಎರಡು, ಮೂರು ಅಂತ ಎಣಿಸಿದೆ. ಎಂಟಕ್ಕೆ ಅವನು ಬಾಯಿ ಬಿಟ್ಟ.

"ಇದನ್ನ ಹಿಡ್ಕೊಂಡು ಹೋದ್ರೆ ಮಗಳು ಬರ್ತಾಳೆ ಅಕ್ಕ."

"ಹೂಂ."

"ಆಮೇಲೆ ಅವಳು 'ಅಪ್ಪಾ, ನಿಂಗೆ ಇದನ್ನ ಯಾಕೆ ಕೊಟ್ರು' ಅಂತ ಕೇಳಿದ್ರೆ?"

ಆಮೇಲೆ ಅತ್ತ. ಏಣಿಯಿಂದ ಬಿದ್ದಾಗಲೂ ಅತ್ತಿರಲಿಲ್ಲ ಅವನು. ನಾನೂ ಅತ್ತೆ. ಒಲೆ ಮೇಲೆ ಗಂಜಿ ಉಕ್ಕಿ ಹೋಯಿತು.

ಸಾವಿನ ತನಿಖೆಗೆ ಪೊಲೀಸ್ ಅಧಿಕಾರಿ ಮಧ್ಯಾಹ್ನ ಜೀಪಲ್ಲಿ ಬಂದ. ಡ್ರೈವರ್ ಹೆಂಡತಿ ಬೆಳಗಿನಿಂದ ಗೇಟಿನ ಹತ್ತಿರ ಗಂಡನ ಚಪ್ಪಲಿ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ತಮ್ಮ ಅಧಿಕಾರಿ ಹತ್ತಿರ ಮೊದಲು ಹೋಗಲಿಲ್ಲ. ಅವಳ ಹತ್ತಿರ ಹೋಗಿ ನೆಲದ ಮೇಲೆ ಕೂತ.

"ತಾಯೀ, ನಿಮ್ಮ ಯಜಮಾನರಿಗೆ ಆಸ್ಪತ್ರೆ ಬೇಕಾಗಿತ್ತು. ನನಗೆ ಗೊತ್ತಿತ್ತು. ಒಳಗೆ ಹಾಕಿ ಬೀಗ ಹಾಕಿದ್ರು. ಕೀಲಿಕೈ ದೊಡ್ಡಸಾರ್ ಜೇಬಲ್ಲಿತ್ತು. ನಾನು ಬಾಗಿಲು ಒಡೀಬೇಕಿತ್ತು. ಒಂದು ಕಾಗದದ ಆಸೆಗೆ ಭಾಷಣ ಮಾಡ್ತಾ ನಿಂತಿದ್ದೆ."

ಅವಳು ಚಪ್ಪಲಿ ಎತ್ತಿ ಅವನ ಎದೆಗೆ ಒಂದೇಟು ಹೊಡೆದಳು. ಅವನು ತಪ್ಪಿಸಿಕೊಳ್ಳಲಿಲ್ಲ. ಎರಡನೇ ಏಟು ಅವಳೇ ಹೊಡೆಯಲಿಲ್ಲ.

ಆಮೇಲೆ ಆಫೀಸಿಗೆ ಬಂದು ಸಹಿ ಹಾಕದ ಹಾಳೆ, ಸರ್ಟಿಫಿಕೇಟು ಎರಡನ್ನೂ ಮೇಜಿನ ಮೇಲಿಟ್ಟ. "ನಾನು ಸಮಾಲೋಚಕ ಅಲ್ಲ ಸಾರ್. ಟ್ರೈನಿ" ಅಂದ. ಎಲ್ಲವನ್ನೂ ಹೇಳಿದ. ನಾನೂ ಹೇಳಿದೆ. ಬಾಗಿಲ ಹೊರಗೆ ನಿಂತಿದ್ದ ಹದಿನಾಲ್ಕು ಜನ, ನಡುಗೋ ಕೈಯವರು, ಒಬ್ಬೊಬ್ಬರೇ ಹೌದು ಸಾರ್, ನಾವೂ ಕೇಳಿದೀವಿ ಆ ಸದ್ದು, ಅಂದರು.

ಅಧಿಕಾರಿ ನಮ್ಮ ಮುಖ ನೋಡಲಿಲ್ಲ, ಸರ್ಟಿಫಿಕೇಟು ನೋಡಿದ.

"ಕುಡುಕರ ಮಾತು ಕಟ್ಕೊಂಡು ನಾನೇನ್ ಮಾಡ್ಲಿ? ಇಲ್ಲಿ ಹೆಸರಿದೆ, ಮೊಹರಿದೆ, ತಾರೀಖಿದೆ. ನಡೀ ಜೀಪು ಹತ್ತು."

ಆ ಕಾಗದ ಕೊನೆಗೂ ಒಂದು ಕೆಲಸಕ್ಕೆ ಬಂತು. ತಮ್ಮ ಜೀಪು ಹತ್ತಿದ. ದೊಡ್ಡಸಾರ್ ಮೆಟ್ಟಿಲ ಮೇಲೆ ನಿಂತು ಕರವಸ್ತ್ರದಲ್ಲಿ ಹಣೆ ಒರೆಸಿಕೊಂಡರು.

ಜೀಪು ಗೇಟಿನವರೆಗೆ ಬಂತು, ನಿಂತಿತು. ಡ್ರೈವರ್ ಹೆಂಡತಿ ಎರಡೂ ಕೈ ಬಾನೆಟ್ಟಿನ ಮೇಲಿಟ್ಟು ಅಡ್ಡ ನಿಂತಿದ್ದಳು.

"ಏನಮ್ಮಾ, ನಿನ್ನ ಗಂಡನ ಸಾವಿಗೆ ಕಾರಣ ಆದೋನನ್ನೇ ಕರ್ಕೊಂಡು ಹೋಗ್ತಿರೋದು. ದಾರಿ ಬಿಡು."

"ಅವನು ಮಾಡಿದ್ದು ಅವನು ಬಾಯಿಬಿಟ್ಟು ಹೇಳಿದಾನೆ" ಅಂದಳು. ಬೆರಳು ಮೆಟ್ಟಿಲ ಕಡೆ ಹೋಯಿತು. "ಕೀಲಿಕೈ ಇಟ್ಟುಕೊಂಡಿದ್ದೋನು ಅಲ್ಲಿದಾನೆ. ಮೊದಲು ಅವನನ್ನ ಹತ್ತಿಸಿ."

ಅಧಿಕಾರಿ ಹಾರನ್ ಹೊಡೆಸಿದ. ಅವಳು ಅಲ್ಲೇ ನೆಲದ ಮೇಲೆ ಕೂತಳು. ಹದಿನಾಲ್ಕು ಜನ ಬಂದು ಅವಳ ಹಿಂದೆ ಕೂತರು. ನಿಲ್ಲೋಕಾಗದೆ ಇದ್ದ ಒಬ್ಬನನ್ನ ಇಬ್ಬರು ಎತ್ತಿಕೊಂಡು ಬಂದರು.

ನಾನು ಒಳಗೆ ಹೋಗಿ ಒಲೆ ಆರಿಸಿದೆ. ಅವಳು ಕೊಟ್ಟಿದ್ದ ಬಟ್ಟೆ ಹಾಗೇ ಮಡಿಸಿ ಇಟ್ಟಿದ್ದೆ, ಅದನ್ನ ತಗೊಂಡೆ. ಹೋಗಿ ಅವಳ ಪಕ್ಕದಲ್ಲಿ ಕೂತೆ.