ಓರೆಗೆ ಹೋಗುವ ಮೊದಲು

ಫೆಬ್ರವರಿ ರಜೆಗೆ ನಮ್ಮ ಕನ್ನಡ ಕೂಟದವರೆಲ್ಲ ಹಿಮದಲ್ಲಿ ಜಾರಲು ಹೋಗುವುದೆಂದು ತೀರ್ಮಾನವಾಗಿತ್ತು. ಊರಿನ ಹೆಸರು ಓರೆ. ಸ್ವೀಡನ್ನಿನವರು ಯಾವ ಅರ್ಥದಲ್ಲಿ ಹಾಗೆ ಕರೆಯುತ್ತಾರೋ ಗೊತ್ತಿಲ್ಲ, ನಮಗಂತೂ ಹೆಸರಿನಲ್ಲೇ ಸಾಕಷ್ಟು ಎಚ್ಚರಿಕೆ ಇತ್ತು. ಆದರೂ ಹೋಗುವ ಮೊದಲು ಎಲ್ಲರೂ ಹಿಮಕುಸಿತದ ಬಗ್ಗೆ ತಿಳಿದುಕೊಳ್ಳಲೇಬೇಕೆಂದು ಕೂಟದ ಕಾರ್ಯದರ್ಶಿ ನಂದಕುಮಾರ, ಅಂದರೆ ನಾನು, ಹಟ ಹಿಡಿದೆ. 2006ರ ನವೆಂಬರಿನ ಒಂದು ಭಾನುವಾರ ನಮ್ಮ ಬಡಾವಣೆ ಕಿಸ್ಟಾದ ಶಾಲೆಯೊಂದರ ಜಿಮ್ ಹಾಲಿನಲ್ಲಿ ನಲವತ್ತು ಜನ ಸೇರಿದರು. ಅರ್ಧ ಜನ ಊಟಕ್ಕೆ ಬಂದವರು.

ನನ್ನ ತಲೆ ಬೇರೆಡೆ ಇತ್ತು. ಆಫೀಸಿನವರು ನನ್ನನ್ನು ದೊಡ್ಡ ಹುದ್ದೆಗೆಂದು ದೂರದ ಉತ್ತರ ತುದಿಯ ಊರು ಲುಲೆಯೊಗೆ ಕರೆದಿದ್ದರು. ಮರುದಿನ ಸಹಿ ಹಾಕಬೇಕಿತ್ತು. ಬಾಯಿಮಾತಿನಲ್ಲಿ ಹೂಂ ಅಂದು ಎಷ್ಟೋ ದಿನವಾಗಿತ್ತು. ಹೆಂಡತಿ ಶೋಭನಾಗೆ ಆಗಸ್ಟಿನಲ್ಲೇ ವಿಷಯ ತಿಳಿಸಿದ್ದೆ. "ನೋಡೋಣ" ಅಂದಿದ್ದಳು. ಸೆಪ್ಟೆಂಬರಿನಲ್ಲೂ ಅದೇ, ಅಕ್ಟೋಬರಿನಲ್ಲೂ ಅದೇ. ಮೂರು ವರ್ಷ ಸ್ವೀಡಿಷ್ ಕಲಿತ ಮೇಲೆ ಆಗಷ್ಟೇ ಅವಳಿಗೆ ಮನೆ ಹತ್ತಿರದ ಶಿಶುವಿಹಾರದಲ್ಲಿ, ಇಲ್ಲಿಯವರು ಡಾಗಿಸ್ ಅನ್ನುತ್ತಾರೆ, ಕಾಯಂ ಕೆಲಸ ಸಿಕ್ಕಿತ್ತು. ಲುಲೆಯೊದಲ್ಲೂ ಮಕ್ಕಳು ಹುಟ್ಟುತ್ತಾರೆ, ಅಲ್ಲೂ ಡಾಗಿಸ್ ಇರುತ್ತದೆ ಎಂಬುದು ನನ್ನ ವಾದ. ಅವಳು ಎದುರಾಡದ್ದರಿಂದ ವಾದದಲ್ಲಿ ಗೆದ್ದೆ ಅಂದುಕೊಂಡಿದ್ದೆ.

ಪಾಠ ಹೇಳಲು ಬಂದವರು ಗುನಿಲ್ಲಾ, ಪರ್ವತ ರಕ್ಷಣಾ ತಂಡದಲ್ಲಿ ಮೂವತ್ತು ವರ್ಷ ದುಡಿದವರು. ನಗುವನ್ನು ಅಗತ್ಯ ಬಿದ್ದರೆ ಮಾತ್ರ ಬಳಸುತ್ತಿದ್ದರು. ಮೂವತ್ತು ಡಿಗ್ರಿಗಿಂತ ಕಡಿದಾದ ಇಳಿಜಾರಿನಲ್ಲಿ ಹಿಮದ ಪದರವೇ ಕಳಚಿ ಬರಬಹುದು, ಹೂತುಹೋದವರನ್ನು ಕಾಲು ಗಂಟೆಯೊಳಗೆ ಅಗೆದು ತೆಗೆಯಬೇಕು, ಅಷ್ಟು ಬೇಗ ಕೈಗೆ ಸಿಗುವವರು ಜೊತೆಗೆ ಬಂದವರು ಮಾತ್ರ ಎಂದರು. ತಾವು ಕಂಡ ಅನೇಕ ಸಾವುಗಳಿಗೆ ಬೇಡ ಎನ್ನುವ ಸಂಕೋಚವೇ ಕಾರಣ ಎಂದೂ ಹೇಳಿದರು. ಆದ್ದರಿಂದ ಇಳಿಜಾರು ಹತ್ತುವ ಮೊದಲು ಪ್ರತಿಯೊಬ್ಬರನ್ನೂ ಕೇಳಬೇಕು. ಒಬ್ಬರು ಬೇಡ ಎಂದರೂ ಇಡೀ ತಂಡ ಹಿಂದಿರುಗಬೇಕು. ಯಾಕೆ ಎಂದು ಯಾರೂ ಕೇಳಕೂಡದು.

ಅಭ್ಯಾಸಕ್ಕೆಂದು ಕುರ್ಚಿಗಳನ್ನು ಜೋಡಿಸಿ ಬೆಟ್ಟ ಮಾಡಿದೆವು. ಮೊದಲ ತಂಡದಲ್ಲಿದ್ದ ರಾಮಮೂರ್ತಿಯವರಿಗೆ, ನಿಮಗೀಗ ಭಯವಾಗಿದೆ ಎಂದು ಗುನಿಲ್ಲಾ ಮೊದಲೇ ಕಿವಿಯಲ್ಲಿ ಹೇಳಿಕೊಟ್ಟಿದ್ದರು. ಸರದಿ ಬಂದಾಗ ಅವರು "ನೋಡೋಣ" ಎಂದು ಎಲ್ಲರ ಜೊತೆ ನಡೆದೇಬಿಟ್ಟರು. ಗುನಿಲ್ಲಾ ತಡೆದು, ಹಾಗೆಂದರೇನು ಎಂದು ಕೇಳಿದರು. ಬೇಡ ಎಂದರ್ಥ ಎಂದರು ರಾಮಮೂರ್ತಿ. ಮತ್ತೆ ನಡೆದದ್ದೇಕೆ ಎಂದರೆ, ಎಲ್ಲರೂ ನಡೆಯುತ್ತಿದ್ದರಲ್ಲ ಎಂದರು. ಎರಡನೇ ತಂಡದಲ್ಲೂ "ನೋಡೋಣ", ಮೂರನೆಯದರಲ್ಲಿ "ನೀವು ಹೇಗೆ ಹೇಳ್ತೀರೋ ಹಾಗೆ". ಫೀಕಾದ, ಅಂದರೆ ಇಲ್ಲಿಯ ಕಾಫಿ ವಿರಾಮದ, ಹೊತ್ತಿಗೆ ಕೂಟದ ಬಹುಪಾಲು ಸದಸ್ಯರು ಹಿಮದಡಿ ಸತ್ತಿದ್ದರು. ಸತ್ತವರು ಕಾಫಿ ಕುಡಿದು ಚಕ್ಕುಲಿ ತಿಂದರು. ಮೂಲೆಯಲ್ಲಿ ಬಣ್ಣ ಹಚ್ಚುತ್ತಿದ್ದ ನಮ್ಮ ಎಂಟು ವರ್ಷದ ನೈನಾಳನ್ನೂ ಗುನಿಲ್ಲಾ ಕೇಳಿದರು. ಅವಳು ತಲೆಯೆತ್ತದೆ "ನೇಯ್", ಬೇಡ, ಎಂದು ಸ್ವೀಡಿಷಿನಲ್ಲಿ ಹೇಳಿದಳು. ಈ ಮಗು ಬದುಕುತ್ತದೆ ಎಂದರು ಗುನಿಲ್ಲಾ.

ರಾಮಮೂರ್ತಿ ಕೊಟ್ಟ ಅರ್ಥ ನನಗೆ ಹಿಡಿಸಲಿಲ್ಲ. ಅವರ ಮನೆಯಲ್ಲಿ ಹಾಗಿರಬಹುದು ಅಂದುಕೊಂಡೆ.

ಕೊನೆಯ ತಂಡ ನಮ್ಮದು. ನಾನು ಮುಂದಾಳು, ನಡುವೆ ಮೂವರು, ಸಾಲಿನ ತುದಿಯಲ್ಲಿ ಶೋಭನಾ. ಹೋಗೋಣವೇ ಎಂದು ಒಬ್ಬೊಬ್ಬರನ್ನೇ ಕೇಳುತ್ತ ಬಂದೆ. ಮೂವರೂ ಹೂಂ ಎಂದರು.

"ಬೇಡ" ಎಂದಳು ಶೋಭನಾ.

"ಯಾಕೆ?" ಎಂದೆ.

ಅಷ್ಟು ಕನ್ನಡ ಆಗಲೇ ಕಲಿತಿದ್ದ ಗುನಿಲ್ಲಾ ಸೀಟಿ ಊದಿದರು. ಶೋಭನಾ ಅದು ನಿಲ್ಲುವವರೆಗೆ ಕಾದಳು.

"ನಾನು ಲುಲೆಯೊಗೆ ಬರಲ್ಲ ರೀ. ಆಗಸ್ಟಿಂದ ಹೇಳ್ತಾನೇ ಇದೀನಿ."

ಹಾಲಿನಲ್ಲಿ ಚಕ್ಕುಲಿ ಕಡಿಯುವ ಸದ್ದೂ ನಿಂತಿತು. ಆಕೆ ಏನೆಂದರು ಎಂದು ಗುನಿಲ್ಲಾ ಕೇಳಿದರು, ಯಾರೂ ಅನುವಾದಿಸಲಿಲ್ಲ. ಇವತ್ತಿನ ಅತ್ಯುತ್ತಮ ಬೇಡ ಇದು ಎಂದು ಮೆಚ್ಚಿ, ತಂಡ ತಿರುಗಲಿ ಎಂದರು. ನಡುವಿನ ಮೂವರು ತಕ್ಷಣ ತಿರುಗಿದರು, ಒಬ್ಬರೂ ನನ್ನ ಮುಖ ನೋಡಲಿಲ್ಲ. ನನಗೆ ಕೆಟ್ಟ ಸಿಟ್ಟು ಬಂತು. ಮನೆಯಲ್ಲಿ ಹೇಳುವ ಮಾತನ್ನು ನಲವತ್ತು ಜನರ ಮುಂದೆ ಹೇಳಬೇಕಿತ್ತೇ? ಮನೆಯಲ್ಲಿ ಮೂರು ಸಲ ಹೇಳಿದ್ದಳು ಎಂಬುದು ಅದರ ಹಿಂದೆಯೇ ಹೊಳೆಯಿತು, ನಾಚಿಕೆಯಾಯಿತು. ಆದರೂ ಕಾಲು ಕದಲಲಿಲ್ಲ.

ಗುನಿಲ್ಲಾ ಹತ್ತಿರ ಬಂದು ಇಂಗ್ಲಿಷಿನಲ್ಲಿ ಮೆತ್ತಗೆ ಹೇಳಿದರು: "ನೀವೊಬ್ಬರೇ ಮೇಲೆ ಹೋಗಬಹುದು, ಯಾರೂ ತಡೆಯುವುದಿಲ್ಲ. ಅಗೆದು ತೆಗೆಯಲೂ ಯಾರೂ ಇರುವುದಿಲ್ಲ."

ನಾನು ತಿರುಗಿದೆ. ಸಾಲು ತಿರುವುಮುರುವಾಗಿ ಶೋಭನಾ ಈಗ ಎಲ್ಲರಿಗಿಂತ ಮುಂದಿದ್ದಳು. ಅವಳು ಹಿಂದಿರುಗಿ ನೋಡದೆ ನಡೆದಳು, ನಾನು ಕೊನೆಯವನಾಗಿ ಹಿಂಬಾಲಿಸಿದೆ.