ಮುನೇಶ್ವರನಿಗೆ ಬಿಟ್ಟ ಸೊಪ್ಪು

ದೇವರಿಗೆ ಬಿಟ್ಟದ್ದನ್ನು ಮತ್ತೆ ಬಾಯಿಗೆ ಹಾಕಬಾರದೆಂಬುದು ಅಕ್ಕಯ್ಯಮ್ಮನ ಮನೆಯ ಕಟ್ಟುಪಾಡು. ಕಾಶಿಗೆ ಹೋಗಿದ್ದಾಗ ಆಕೆ ಗಂಗೆಯಲ್ಲಿ ಮುಳುಗಿ ಹಾಗಲಕಾಯಿ ಬಿಟ್ಟು ಬಂದಿದ್ದಳು. ಹನ್ನೊಂದು ವರ್ಷವಾಯಿತು, ಆ ಕಾಯಿ ಅವಳ ತಟ್ಟೆಗೆ ಬಂದಿಲ್ಲ.

ಮೊಮ್ಮಗಳು ಲಿಖಿತ ಕ್ಯಾಸಂಬಳ್ಳಿ ಕಡೆಯ ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಓಟದಲ್ಲಿ ಅವಳನ್ನು ಹಿಡಿಯುವವರಿಲ್ಲ. ಆದರೆ ಆ ಸೋಮವಾರ ಓಡುತ್ತ ಓಡುತ್ತ ಕಣ್ಣು ಕತ್ತಲೆ ಬಂದು ಮೈದಾನದಲ್ಲೇ ಕೂತುಬಿಟ್ಟಳು. ಅರುಣಕುಮಾರಿ ಟೀಚರ್ ವಿಚಾರಿಸಿದರೆ, ಬೆಳಗ್ಗೆ ಹೊಟ್ಟೆಗೆ ಬಿದ್ದದ್ದು ಒಂದು ಚಿಪ್ಸ್ ಪ್ಯಾಕೆಟ್ಟು. ಬೆಳಗ್ಗೆ ಹೊಟ್ಟೆ ತುಂಬ ಮುದ್ದೆ, ಸೊಪ್ಪು ತಿನ್ನಿಸಿ, ಹದಿನೈದು ದಿನ ನೋಡುತ್ತೇನೆ, ಹೀಗೇ ಇದ್ದರೆ ಹೋಬಳಿ ಕ್ರೀಡಾಕೂಟಕ್ಕೆ ಕರೆದೊಯ್ಯುವುದಿಲ್ಲ ಎಂದು ಟೀಚರ್ ಅಕ್ಕಯ್ಯಮ್ಮನಿಗೆ ಹೇಳಿ ಕಳಿಸಿದರು.

ಅಕ್ಕಯ್ಯಮ್ಮ ಹೊಲದ ಬದುವೆಲ್ಲ ತಿರುಗಿ ಬೆರಕೆ ಸೊಪ್ಪು ಕಿತ್ತು ತಂದಳು. ಮಸ್ಸೊಪ್ಪು ಮಾಡಿ ಮುದ್ದೆ ಇಟ್ಟಳು. ಲಿಖಿತ ತಟ್ಟೆ ದೂರ ತಳ್ಳಿದಳು.

"ನಾನು ಸೊಪ್ಪು ಬಿಟ್ಟಿದೀನಿ ಅಜ್ಜಿ. ಓಟದಾಗೆ ಗೆಲ್ಸಪ್ಪ ಅಂತ ಮುನೇಶ್ವರನಿಗೆ."

ಅಕ್ಕಯ್ಯಮ್ಮನ ಕೈ ಸೌಟಿನ ಮೇಲೆ ನಿಂತಿತು. ತಿನ್ನಿಸಿದರೆ ದೇವರಿಗೆ ಕೊಟ್ಟ ಮಾತು ತಪ್ಪುತ್ತದೆ, ತಿನ್ನಿಸದಿದ್ದರೆ ಮಗುವಿನ ಓಟ ತಪ್ಪುತ್ತದೆ.

"ಬಿಡೋದು ಅಂದ್ರೆ ನಾಲಿಗೆ ಬೇಕೂಂತ ಅಳೋದನ್ನ ಬಿಡ್ಬೇಕು ಕಣಮ್ಮಿ. ಬೇಡದ್ದನ್ನ ದೇವರ ತಲೆಗೆ ಕಟ್ತಾರಾ?"

"ಮತ್ತೆ ನಿಂಗೆ ಆಗಲಕಾಯಿ ಅಂದ್ರೆ ಅಷ್ಟು ಇಷ್ಟ ಇತ್ತಾ?"

ಒಲೆಯಲ್ಲಿ ಸೌದೆ ಚಟಪಟ ಅಂದಿತು. ಅಕ್ಕಯ್ಯಮ್ಮನಿಗೆ ಹುಟ್ಟಿದಾಗಿನಿಂದ ಹಾಗಲಕಾಯಿ ಕಂಡರಾಗದು. ಸಕ್ಕರೆ ಕಾಯಿಲೆ ಬಂದ ಮೇಲೆ ಡಾಕ್ಟರು ಅದನ್ನೇ ತಿನ್ನಿ ಎಂದಾಗಲೂ ಕಾಶಿಯ ಹೆಸರು ಹೇಳಿ ತಪ್ಪಿಸಿಕೊಂಡು, ಮೂರು ಚಮಚ ಸಕ್ಕರೆಯ ಕಾಫಿ ಕುಡಿಯುತ್ತಿದ್ದಳು. ಮೊದಲು ಸಿಟ್ಟು ಬಂತು. ಆಮೇಲೆ ನಗು ತಡೆಯಲಾಗಲಿಲ್ಲ.

ತಟ್ಟೆ ಮುಚ್ಚಿಟ್ಟು ಇಬ್ಬರೂ ಬೇವಿನ ಮರದ ಕೆಳಗಿನ ಮುನೇಶ್ವರನ ಕಲ್ಲಿಗೆ ಹೋದರು. ಅಕ್ಕಯ್ಯಮ್ಮ ಕರ್ಪೂರ ಹಚ್ಚಿದಳು.

"ಸ್ವಾಮಿ, ಇಬ್ರೂ ದೇವ್ರನ್ನ ಯಾಮಾರಿಸಿದ್ವಿ. ಸೊಪ್ಪು ವಾಪಸ್ ತಗೊಂಡೋಗ್ತೀವಿ. ಆಗಲಕಾಯಿ ವಿಸ್ಯ ಕಾಶಿ ವಿಶ್ವನಾಥನಿಗೆ ನೀನೇ ತಿಳಿಸ್ಬುಡು. ಬದ್ಲಿಗೆ ನನ್ನ ಸಕ್ಕರೆ ಇಟ್ಕೋ."

ಲಿಖಿತಳೂ ಕೈ ಮುಗಿದಳು. ಕಣ್ಣು ಮುಚ್ಚಿ, ಸೊಪ್ಪಿನ ಬದಲು ಚಿಪ್ಸ್ ಎಂದಳು. ಉಪ್ಪಿನದೋ ಖಾರದ್ದೋ ಎಂದು ಅಜ್ಜಿ ಕೇಳಿದಳು. ಎರಡೂ ಎಂದು ಹುಡುಗಿ ಕಣ್ಣೊರೆಸಿಕೊಂಡಳು. ಇದು ಸ್ವಾಮಿಗೆ ಮುಟ್ಟಿತೆಂದು ಅಕ್ಕಯ್ಯಮ್ಮನಿಗೆ ಆಗ ಗೊತ್ತಾಯಿತು.

ಹದಿನೈದನೇ ದಿನ ಲಿಖಿತ ಮೈದಾನವನ್ನು ಮೂರು ಸುತ್ತು ಓಡಿದಳು. ಟೀಚರ್ ಹೆಸರು ಬರೆದುಕೊಂಡರು. ಸುದ್ದಿ ಹೇಳಲು ಹುಡುಗಿ ಮನೆಗೆ ಬಂದರೆ, ಅಜ್ಜಿ ಹಾಗಲಕಾಯಿ ಪಲ್ಯದ ತಟ್ಟೆ ಮುಂದಿಟ್ಟುಕೊಂಡು ಮುಖ ಕಿವುಚಿ ಕೂತಿದ್ದಳು. ಲಿಖಿತ ಪಕ್ಕದಲ್ಲಿ ಕುಳಿತು, ಒಂದು ತುತ್ತು ಮಾಡಿ ಅವಳ ಬಾಯಿಗೆ ಹಿಡಿದಳು.

"ಕಣ್ಮುಚ್ಕೊಂಡು ನುಂಗಜ್ಜಿ. ನಾನೂ ಅಂಗೇ ನುಂಗಿದ್ದು."