ಹುಲ್ಲಿನ ಪೆಂಡಿ ಕಟ್ಟಿದ ಮನೆಗಾಡಿ

ಅರಿಜೋನಾದ ಮರಳುಗಾಡಿಗೆ ಚಳಿಗಾಲ ಕಳೆಯಲು ಬರುವ ನಮ್ಮಂಥ ಮುದುಕರ ಗೋಳು ಒಂದೇ: ಬ್ಯಾಟರಿ ನಿಲ್ಲುವುದಿಲ್ಲ. ನಾವು ಗಾಡಿ ನಿಲ್ಲಿಸುವ ಬಯಲಲ್ಲಿ ಕರೆಂಟು ಕಂಬವಿಲ್ಲ. ನಮ್ಮ ವಾಸವೆಲ್ಲ ಮನೆಗಾಡಿಯಲ್ಲೇ; ಅದರ ದೀಪ, ನೀರಿನ ಪಂಪು, ಹೀಟರಿನ ಫ್ಯಾನು ಎಲ್ಲಕ್ಕೂ ಬ್ಯಾಟರಿಯೇ ಗತಿ. ಅದು ಇಳಿದರೆ ಜನರೇಟರ್ ಹಾಕಬೇಕು.

ನನ್ನ ಪಕ್ಕದ ಗಾಡಿ ವರ್ಲಿನ್ ಮತ್ತು ಓರ್ಫಾ ದಂಪತಿಯದು. ವರ್ಲಿನ್ ಮಿನ್ನೆಸೋಟದಲ್ಲಿ ಹಸು ಸಾಕಿ ಹಾಲು ಮಾರಿದವನು. ಒಳ್ಳೆಯವನೇ, ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ. ಅವನ ಊರಿನಲ್ಲಿ ಹಿಮ ಬೀಳುವ ಮುಂಚೆ ಮನೆಯ ಬುಡಕ್ಕೆ ಸುತ್ತಲೂ ಒಣಹುಲ್ಲಿನ ಪೆಂಡಿ ಜೋಡಿಸುತ್ತಾರೆ, ನೆಲ ಬೆಚ್ಚಗಿರಲಿ ಎಂದು. ಈ ಸಲ ಇಲ್ಲಿ ಗಾಳಿ ಜೋರಾದದ್ದೇ ತಡ, ಅವನು ಗಾಡಿಯ ಸುತ್ತಲೂ ಪೆಂಡಿ ಜೋಡಿಸಿ ಮೇಲೆ ಟಾರ್ಪಾಲು ಬಿಗಿದ.

ಇಸ್ಪೀಟಾಡಲು ಬಂದ ಮಾರ್ವಾ ಅದನ್ನು ನೋಡಿ ನಿಂತುಬಿಟ್ಟಳು. ಅವಳು ಮೊದಲು ತನ್ನೂರಲ್ಲಿ ಆಂಬುಲೆನ್ಸ್ ಓಡಿಸುತ್ತಿದ್ದವಳು.

"ವರ್ಲಿನ್, ನಿನ್ನ ಜನರೇಟರ್ ಸೈಲೆನ್ಸರ್ ಎಲ್ಲಿ ಬರುತ್ತೆ?"

"ಗಾಡಿ ಕೆಳಗೆ. ಎಲ್ಲರದೂ ಅಲ್ಲೇ ಅಲ್ವಾ?"

"ಮತ್ತೆ ಹೊಗೆ ಹೋಗೋದೆಲ್ಲಿಗೆ? ಬಾಯಿಗೇ ಬಟ್ಟೆ ತುರುಕಿದ್ದೀಯಲ್ಲೋ. ಒಣಹುಲ್ಲು ಬೇರೆ, ಬಿಸಿ ಕೊಳವೆ ಪಕ್ಕ!"

"ಅಯ್ಯೋ ಹೋಗಮ್ಮ! ನಮ್ಮಪ್ಪ ಕಟ್ತಿದ್ದ, ನಮ್ಮಜ್ಜ ಕಟ್ತಿದ್ದ. ಯಾರೂ ಸಾಯ್ಲಿಲ್ಲ."

"ನಿಮ್ಮಜ್ಜನ ಮನೆ ಅಡೀಲಿ ಜನರೇಟರ್ ಇತ್ತೇನೋ?"

ನಾವೆಲ್ಲ ನಕ್ಕೆವು. ವರ್ಲಿನ್ ಮುಖ ಊದಿಸಿಕೊಂಡು ಒಳಗೆ ಹೋದ. ಪೆಂಡಿ ಇದ್ದಲ್ಲೇ ಇತ್ತು.

ಓರ್ಫಾಳಿಗೆ ತಲೆನೋವು ಶುರುವಾದದ್ದು ಆಮೇಲೆ. ಮಧ್ಯಾಹ್ನ ಮಲಗಿ ಎದ್ದರೆ ತಲೆ ಸಿಡಿಯುತ್ತದೆ, ವಾಕರಿಕೆ ಬರುತ್ತದೆ. ನಮ್ಮ ಜೊತೆ ಹೊರಗೆ ಕುಳಿತು ಕಾಫಿ ಕುಡಿದರೆ ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. "ವಯಸ್ಸಾಯ್ತು ಕಣೇ, ಇನ್ನೇನು," ಅನ್ನುತ್ತಿದ್ದಳು.

ಇತ್ತ ವರ್ಲಿನ್‌ನ ಬ್ಯಾಟರಿ ದಿನದಿನಕ್ಕೆ ಸೊರಗುತ್ತಿತ್ತು. ಅದು ಸೊರಗಿದಷ್ಟೂ ಅವನು ಜನರೇಟರ್ ಹೆಚ್ಚು ಹೊತ್ತು ಓಡಿಸುತ್ತಿದ್ದ. ಬ್ಯಾಟರಿ ಇಳಿದಾಗ ಗೋಡೆಯ ಮೇಲಿನ ವಿಷಗಾಳಿ ಅಲಾರಂ ಕೀಚ್ ಕೀಚ್ ಎನ್ನುತ್ತಿತ್ತು. ಕಿವಿಗೆ ಕಿರಿಕಿರಿ ಎಂದು ಅದನ್ನು ಕಿತ್ತು ಡ್ರಾಯರಿಗೆ ಹಾಕಿದ್ದ, ಮಹಾರಾಯ.

ಒಂದು ಮಧ್ಯಾಹ್ನ ಇಸ್ಪೀಟಿಗೆ ಓರ್ಫಾ ಬರಲಿಲ್ಲ. ವರ್ಲಿನ್ ಗಂಡಸರ ಜೊತೆ ಬೆಂಕಿಗೆ ಮೈ ಕಾಯಿಸುತ್ತ ಹರಟುತ್ತಿದ್ದ. ಅವನ ಗಾಡಿಯಡಿ ಜನರೇಟರ್ ಗುರ್ ಎನ್ನುತ್ತಿತ್ತು. ಮಾರ್ವಾ ಹೋಗಿ ಬಾಗಿಲು ಬಡಿದಳು. ಒಳಗಿನಿಂದ ನಾಲಗೆ ತೊದಲಿದ ಹಾಗೆ ಏನೋ ಕೇಳಿಸಿತು. ಚಿಲಕ ತೆಗೆದ ಓರ್ಫಾ ಅಲ್ಲೇ ಕುಸಿದು ಮಾರ್ವಾಳ ತೋಳಿಗೆ ಬಿದ್ದಳು.

"ಜನರೇಟರ್ ಆಫ್ ಮಾಡ್ರೋ! ಆಂಬುಲೆನ್ಸಿಗೆ ಫೋನ್ ಮಾಡಿ! ಯಾರೂ ಒಳಗೆ ಹೋಗ್ಬೇಡಿ!" ಎಂದು ಮಾರ್ವಾ ಕೂಗಿದಳು.

ನಾನು ಓಡಿಹೋದೆ, ಮಾರ್ವಾ ನಾನು ಇಬ್ಬರೂ ಸೇರಿ ಓರ್ಫಾಳನ್ನು ಎಳೆದು ಗಾಳಿ ಬೀಸುವ ಕಡೆ ಮಲಗಿಸಿದೆವು. ಆಂಬುಲೆನ್ಸಿನವರು ಬಂದು ಆಮ್ಲಜನಕದ ಮುಖವಾಡ ಹಾಕಿದರು. ರಕ್ತಕ್ಕೆ ಜನರೇಟರ್ ಹೊಗೆಯ ವಿಷಗಾಳಿ, ಕಾರ್ಬನ್ ಮೊನಾಕ್ಸೈಡ್, ಸೇರಿದೆ, ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು.

ಆಸ್ಪತ್ರೆಯ ಹೊರಗೆ ವರ್ಲಿನ್ ಇನ್ನೂ ಗೊಣಗುತ್ತಿದ್ದ. "ಹೊಗೆ ವಾಸನೆ ಏನೂ ಇರ್ಲಿಲ್ಲ ಮಾರ್ವಾ. ನಾನು ಒಳಗೆ ಹೋಗಿ ಬಂದಿದ್ದೆ."

"ಆ ಗಾಳಿಗೆ ಬಣ್ಣ ಇಲ್ಲ, ವಾಸನೆ ಇಲ್ಲ ಕಣೋ. ನೆಲದ ಸಂದಿಯಿಂದ ಮೇಲೇರುತ್ತೆ, ಮಲಗಿದೋರನ್ನ ಮಲಗಿದ ಹಾಗೇ ಕರ್ಕೊಂಡು ಹೋಗುತ್ತೆ. ಹೇಳೋಕೆ ಅಂತ ಇದ್ದ ಒಂದೇ ಒಂದು ಅಲಾರಂನ ನೀನು ಕಿತ್ತಿಟ್ಟೆ."

ವರ್ಲಿನ್ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತ.

ಮಾರನೇ ದಿನ ಅವನೇ ಟಾರ್ಪಾಲು ಬಿಚ್ಚಿ ಪೆಂಡಿಗಳನ್ನೆಲ್ಲ ದೂರಕ್ಕೆ ಹೊತ್ತುಹಾಕಿದ. ಸೈಲೆನ್ಸರಿನ ಹತ್ತಿರದ ಹುಲ್ಲು ಕರ್ರಗಾಗಿತ್ತು. ಆಮೇಲೆ ಬ್ಯಾಟರಿ ಪೆಟ್ಟಿಗೆಗೆ ಕೈ ಹಾಕಿದ, ಬಾಯಲ್ಲಿ ಸಿಗಾರು.

"ಮೊದಲು ಅದನ್ನ ಆರಿಸು!" ಎಂದಳು ಮಾರ್ವಾ. "ಚಾರ್ಜ್ ಆಗೋ ಬ್ಯಾಟರಿಯಿಂದ ಬರೋ ಗಾಳಿಗೆ ಒಂದು ಕಿಡಿ ಸಾಕು, ಆಸಿಡ್ ಮುಖಕ್ಕೇ ಸಿಡಿಯುತ್ತೆ. ಕನ್ನಡಕ ಹಾಕ್ಕೋ, ಗ್ಲೌಸ್ ಹಾಕ್ಕೋ. ಚಾರ್ಜಿಂಗ್ ಎಲ್ಲಾ ನಿಲ್ಸು. ವೈರು ಬಿಚ್ಚೋವಾಗ ಮೈನಸ್ ಮೊದಲು."

ಟರ್ಮಿನಲ್ ಮೇಲೆ ಬಿಳಿ ಬೂಷ್ಟು ಕಟ್ಟಿತ್ತು. ಮುಚ್ಚಳ ತೆಗೆದರೆ ಒಳಗಿನ ಸೀಸದ ಪಟ್ಟಿಗಳು ಬಟಾಬಯಲು, ನೀರೇ ಇಲ್ಲ.

"ಕೊನೇ ಸಲ ಡಿಸ್ಟಿಲ್ಡ್ ವಾಟರ್ ಹಾಕಿದ್ದು ಯಾವಾಗ?"

"ಹಾಕ್ಬೇಕಾ?"

ಹಸುವಿಗೆ ಹೊತ್ತುಹೊತ್ತಿಗೆ ನೀರು ಕುಡಿಸಿದ ಮನುಷ್ಯ ಈ ಪ್ರಶ್ನೆ ಕೇಳಿದ! ಆ ಬ್ಯಾಟರಿ ಮತ್ತೆ ಏಳಲಿಲ್ಲ. ಹೊಸದು ಬಂತು, ಅಲಾರಂ ಕೂಡ ಹೊಸದು, ಅದನ್ನು ಮಂಚದ ಹತ್ತಿರ ಅವನೇ ತಿರುಪು ಹಾಕಿ ಬಿಗಿದ. ಓರ್ಫಾ ಮನೆಗೆ ಬಂದ ಗಳಿಗೆಯಿಂದ ಅವನಿಗೆ ಬೈಗುಳದ ಸುರಿಮಳೆ. ಕಣ್ಣಲ್ಲಿ ನೀರು ತುಂಬಿಕೊಂಡು ನಗುನಗುತ್ತ ಕೇಳುತ್ತಿದ್ದ.

ಮನೆಗಾಡಿ ಇಟ್ಟುಕೊಂಡವರೇ, ಇದನ್ನು ಓದಿ ಮಡಚಿಡುವ ಮೊದಲು ಎದ್ದು ಗಾಡಿಯ ಸುತ್ತ ಒಮ್ಮೆ ಬನ್ನಿ. ಸೈಲೆನ್ಸರಿನ ಬಾಯಿಗೆ ಬಟ್ಟೆ, ಹುಲ್ಲು, ಪಕ್ಕದವರ ಕಿಟಕಿ ಯಾವುದೂ ಅಡ್ಡ ಇರಬಾರದು. ಒಳಗೆ ಯಾರಾದರೂ ಮಲಗಿದ್ದರೆ ಜನರೇಟರ್ ಆರಿಸಿ. ಮುಚ್ಚಳ ತೆರೆಯುವ ಬ್ಯಾಟರಿಯಾದರೆ ತಿಂಗಳಿಗೊಮ್ಮೆಯಾದರೂ ನೀರು ನೋಡಿ; ಚಾರ್ಜ್ ಮಾಡುವ ಮೊದಲು ಪಟ್ಟಿ ಮುಳುಗುವಷ್ಟೇ ಡಿಸ್ಟಿಲ್ಡ್ ವಾಟರ್ ಹಾಕಿ, ಉಳಿದದ್ದನ್ನು ಚಾರ್ಜ್ ಆದಮೇಲೆ ತುಂಬಿಸಿ. ಅಲಾರಂ ಕೂಗಿದರೆ ಅದರ ಬಾಯಿ ಮುಚ್ಚಿಸಬೇಡಿ, ಎಲ್ಲರೂ ಹೊರಗೆ ಬನ್ನಿ. ಚಳಿಯಲ್ಲಿ ಎಬ್ಬಿಸಿದಿರೆಂದು ಹೆಂಡತಿ ಬೈದರೆ ಬೈಯಲಿ. ಬೈಯಲಾದರೂ ಅವಳು ಇರಬೇಕಲ್ಲ.